ಉಸಿರಿನ ಲೆಕ್ಕ

ಬದುಕಿನ ಎಲ್ಲ ಅವಸ್ಥೆಗಳನ್ನೂ ಕನ್ನಡ ನಾಡಿನ ಜನರು ಉಸಿರಿನ ಮೂಲಕವೇ ಹೇಳುತ್ತ ಬಂದಿದ್ದಾರೆ. ದುಃಖಿತನು ನಿಟ್ಟುಸಿರು ಬಿಡುತ್ತಾನೆ; ಓಡಿ ಬಂದವನು ಏದುಸಿರು ಬಿಡುತ್ತಾನೆ; ಅಪಾಯದಿಂದ ಪಾರಾದವನು ನೆಮ್ಮದಿಯ ಉಸಿರು ಬಿಡುತ್ತಾನೆ. ಗುಟ್ಟನ್ನು ಕಾಪಾಡುವವನು ಅದರ ಬಗೆಗೆ ಉಸಿರೆತ್ತುವುದಿಲ್ಲ. ಅವಸರದ ಮನುಷ್ಯನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಬಾಳು ಮುಗಿದವನು ಕೊನೆಯುಸಿರೆಳೆಯುತ್ತಾನೆ. ಉಸಿರು ಹೋದರೂ ಹೆಸರು ಉಳಿಯಬೇಕೆಂದು ಹಿರಿಯರು ಹೇಳುವುದನ್ನು ನಾವು ಕೇಳಿದ್ದೇವೆ. ಮನಸ್ಸಿನ ಸ್ಥಿತಿಗೂ ಉಸಿರಿನ ಗತಿಗೂ ನಿಕಟವಾದ ಸಂಬಂಧವಿದೆಯೆಂಬುದನ್ನು ನಮ್ಮ ನುಡಿಗಟ್ಟುಗಳು ವಿಜ್ಞಾನಕ್ಕಿಂತ ಮೊದಲೇ ಕಂಡುಕೊಂಡಿದ್ದವು.

ಆಹಾರವಿಲ್ಲದೆ ಮನುಷ್ಯನು ಕೆಲವು ವಾರಗಳ ಕಾಲ ಬದುಕಬಲ್ಲನು. ನೀರಿಲ್ಲದೆ ಕೆಲವು ದಿನಗಳು ಕಳೆಯಬಹುದು. ಆದರೆ ಗಾಳಿಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ ಒದಗುತ್ತದೆ. ಇಷ್ಟು ಮಹತ್ತ್ವವುಳ್ಳ ಉಸಿರಾಟಕ್ಕೆ ಒಂದು ವಿಶೇಷ ಗುಣವಿದೆ. ನಮ್ಮ ಕೈಕಾಲುಗಳು ನಾವು ಬಯಸಿದಾಗ ಮಾತ್ರ ಚಲಿಸುತ್ತವೆ. ಹೃದಯ, ಜಠರ, ಕರುಳು ಮೊದಲಾದವು ನಮ್ಮ ಅಪ್ಪಣೆಗೆ ಕಾಯದೆ ತಮ್ಮಷ್ಟಕ್ಕೆ ತಾವೇ ದುಡಿಯುತ್ತವೆ. ಉಸಿರು ಮಾತ್ರ ಈ ಎರಡು ಪಂಗಡಗಳಿಗೂ ಸೇರಿದುದು. ನಾವು ಮರೆತು ಮಲಗಿದ್ದರೂ ಅದು ನಿಲ್ಲುವುದಿಲ್ಲ. ನಾವು ಬಯಸಿದರೆ ಅದನ್ನು ನಿಧಾನಗೊಳಿಸಬಹುದು, ಚುರುಕುಗೊಳಿಸಬಹುದು, ಕ್ಷಣಕಾಲ ತಡೆಯಲೂಬಹುದು. ನಮ್ಮ ಇಚ್ಛೆಗೆ ಒಳಪಟ್ಟ ಅಂಗಗಳಿಗೂ ಒಳಪಡದ ಅಂಗಗಳಿಗೂ ನಡುವೆ ಇರುವ ಹೊಸ್ತಿಲಿನ ಮೇಲೆ ಉಸಿರು ನಿಂತಿದೆ. ನಮ್ಮ ಪೂರ್ವಿಕರು ಯೋಗಸಾಧನೆಯಲ್ಲಿ ಉಸಿರಿಗೆ ಅಷ್ಟೊಂದು ಗಮನವಿತ್ತುದರ ಕಾರಣ ಇಲ್ಲಿಯೇ ಇದೆ.

ಪ್ರಾಚೀನರು ಉಸಿರಿನ ಲೆಕ್ಕವನ್ನೂ ಹಾಕಿದ್ದರು. ಹಗಲು ಇರುಳು ಸೇರಿದ ಒಂದು ದಿನದಲ್ಲಿ ಮನುಷ್ಯನು 21,600 ಬಾರಿ ಉಸಿರಾಡುತ್ತಾನೆಂದು ಯೋಗಗ್ರಂಥಗಳು ಹೇಳುತ್ತವೆ. ದಿನಕ್ಕೆ 60 ಗಳಿಗೆಗಳು. ಒಂದು ಗಳಿಗೆ ಎಂದರೆ 24 ನಿಮಿಷಗಳು. ಗಳಿಗೆಗೆ 360 ಉಸಿರುಗಳು. ಇದನ್ನು ಇಂದಿನ ಗಡಿಯಾರದ ಲೆಕ್ಕಕ್ಕೆ ತಂದರೆ ನಿಮಿಷಕ್ಕೆ 15 ಉಸಿರುಗಳಾಗುತ್ತವೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕನು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಯಂತ್ರಗಳ ನೆರವಿಲ್ಲದ ಕಾಲದ ಎಣಿಕೆಯು ಇಂದಿನ ಎಣಿಕೆಗೆ ಇಷ್ಟು ಸಮೀಪವಾಗಿರುವುದು ಮೆಚ್ಚತಕ್ಕ ಸಂಗತಿಯಾಗಿದೆ.

ಈ ಲೆಕ್ಕದ ಜೊತೆಗೆ ಒಂದು ನಂಬಿಕೆಯೂ ಬೆಳೆದು ಬಂದಿತು. ಪ್ರತಿಯೊಂದು ಜೀವಿಗೂ ಹುಟ್ಟುವಾಗಲೇ ಇಷ್ಟು ಉಸಿರುಗಳೆಂದು ನಿಗದಿಯಾಗಿರುತ್ತದೆ. ಅವನ್ನು ಬೇಗ ಬೇಗ ಖರ್ಚು ಮಾಡಿದವನು ಬೇಗ ಸಾಯುತ್ತಾನೆ, ಉಳಿತಾಯ ಮಾಡಿದವನು ಬಹುಕಾಲ ಬಾಳುತ್ತಾನೆ ಎಂಬುದೇ ಆ ನಂಬಿಕೆ. ಕೇಳುವುದಕ್ಕೆ ಇದು ಸೊಗಸಾಗಿದೆ. ನಿಮಿಷಕ್ಕೆ 15ರಂತೆ 80 ವರ್ಷ ಬಾಳುವವನು ಸುಮಾರು 63 ಕೋಟಿ ಬಾರಿ ಉಸಿರಾಡಿರುತ್ತಾನೆ. ಅದೇ ಮನುಷ್ಯನು ನಿಮಿಷಕ್ಕೆ 10ರಂತೆ ಉಸಿರಾಡಿದರೆ, ಈ ನಂಬಿಕೆಯ ಪ್ರಕಾರ, ಅವನು 120 ವರ್ಷ ಬಾಳಬೇಕಾಗುತ್ತದೆ. ಆದರೆ ಲೆಕ್ಕವು ಸರಿಯಾಗಿದೆಯೆಂದ ಮಾತ್ರಕ್ಕೆ ಲೆಕ್ಕಕ್ಕೆ ಆಧಾರವಾದ ಮಾತು ಸತ್ಯವಾಗಲಾರದು. ಈ ನಂಬಿಕೆಯನ್ನು ನಾವು ಪರೀಕ್ಷಿಸಿ ನೋಡಬೇಕು.

ಇದರ ಪರವಾಗಿ ಸಾಮಾನ್ಯವಾಗಿ ಪ್ರಾಣಿಗಳ ಉದಾಹರಣೆಗಳನ್ನು ಕೊಡುತ್ತಾರೆ. ಇಲಿಯು ನಿಮಿಷಕ್ಕೆ ನೂರು ಬಾರಿಗೂ ಹೆಚ್ಚು ಉಸಿರಾಡುತ್ತದೆ; ಅದು ಬದುಕುವುದು ಎರಡು ಮೂರು ವರ್ಷಗಳು ಮಾತ್ರ. ಆನೆಯು ನಿಧಾನವಾಗಿ ಉಸಿರಾಡುತ್ತದೆ. ಅದು 60–70 ವರ್ಷ ಬದುಕುತ್ತದೆ. ಇನ್ನೂ ನಿಧಾನವಾಗಿ ಉಸಿರಾಡುವ ದೈತ್ಯ ಆಮೆಗಳು ನೂರು ವರ್ಷಗಳನ್ನೂ ಮೀರಿ ಬಾಳುತ್ತವೆ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿದ್ದ ‘ಅದ್ವೈತ’ ಎಂಬ ಹೆಸರಿನ ಆಮೆಯು 2006ರಲ್ಲಿ ಸತ್ತಾಗ ಅದಕ್ಕೆ 250 ವರ್ಷಗಳಾಗಿದ್ದುವೆಂದು ಹೇಳಲಾಯಿತು. ಆ ವಯಸ್ಸು ಖಚಿತವಾಗಿ ಸಿದ್ಧಪಟ್ಟಿಲ್ಲವಾದರೂ ಅದು ಬಹಳ ಮುದಿ ಆಮೆಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಪಾಶ್ಚಾತ್ಯ ದೇಶಗಳಲ್ಲಿಯೂ ಇಂಥದೇ ವಿಚಾರವು ಹುಟ್ಟಿತ್ತು. ಜೀವಿಯು ತನ್ನ ಶಕ್ತಿಯನ್ನು ಎಷ್ಟು ವೇಗವಾಗಿ ವೆಚ್ಚ ಮಾಡುತ್ತದೆಯೋ ಅಷ್ಟು ಬೇಗ ಅಳಿಯುತ್ತದೆಂಬ ವಿಚಾರವನ್ನು ಜರ್ಮನಿಯ ಮ್ಯಾಕ್ಸ್ ರುಬ್ನರ್ ಎಂಬ ವಿಜ್ಞಾನಿಯು 1908ರಲ್ಲಿಯೂ, ಅಮೆರಿಕದ ರೇಮಂಡ್ ಪರ್ಲ್ ಎಂಬಾತನು 1928ರಲ್ಲಿಯೂ ಪ್ರತಿಪಾದಿಸಿದರು.

ಆದರೆ ನಿಸರ್ಗವು ಇಷ್ಟು ಸರಳವಾದ ನಿಯಮಕ್ಕೆ ಕಟ್ಟುಬೀಳುವುದಿಲ್ಲ. ಕುದುರೆಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ 8ರಿಂದ 16 ಬಾರಿ ಉಸಿರಾಡುತ್ತದೆ. ಅದು ಮನುಷ್ಯನಿಗಿಂತ ನಿಧಾನವಾದ ಉಸಿರೇ ಹೊರತು ವೇಗವಾದುದಲ್ಲ. ಆದರೂ ಅದರ ಆಯುಸ್ಸು 25–30 ವರ್ಷಗಳು. ಸೈಬೀರಿಯದ ಒಂದು ಜಾತಿಯ ಬಾವಲಿಯು ಸುಮಾರು 7 ಗ್ರಾಂ ತೂಗುವ ಪುಟ್ಟ ಪ್ರಾಣಿ. ಹಾರುವಾಗ ಅದರ ಉಸಿರೂ ಹೃದಯವೂ ಅತಿ ವೇಗವಾಗಿ ಬಡಿಯುತ್ತವೆ. ಗುರುತಿನ ಬಳೆಯನ್ನು ತೊಡಿಸಿ ಬಿಟ್ಟಿದ್ದ ಅಂಥ ಬಾವಲಿಯೊಂದು 41 ವರ್ಷಗಳ ಅನಂತರ ಜೀವಂತವಾಗಿ ಸಿಕ್ಕಿತು. ಅಷ್ಟೇಕೆ, ನಮ್ಮ ಸುತ್ತಲಿನ ಜನರನ್ನೇ ನೋಡೋಣ. ಹೊಲದಲ್ಲಿ ದುಡಿಯುವವರು, ಆಟವಾಡುವವರು, ದಿನವೂ ವೇಗವಾಗಿ ನಡೆಯುವವರು ಕುಳಿತಲ್ಲಿಯೇ ಕುಳಿತಿರುವವರಿಗಿಂತ ಎಷ್ಟೋ ಹೆಚ್ಚು ಸಲ ಏದುಸಿರು ಬಿಡುತ್ತಾರೆ. ಉಸಿರಿನ ಗಂಟು ಕರಗುವುದೇ ಸಾವಿಗೆ ಕಾರಣವಾಗಿದ್ದರೆ ಇವರೆಲ್ಲ ಬೇಗ ಸಾಯಬೇಕಾಗಿತ್ತು. ವಾಸ್ತವವಾಗಿ ವ್ಯಾಯಾಮ ಮಾಡುವವರೇ ಹೆಚ್ಚು ಕಾಲ ಆರೋಗ್ಯದಿಂದ ಬಾಳುತ್ತಾರೆ. ಆದುದರಿಂದ ಉಸಿರು ಎಂಬುದು ಪೆಟ್ಟಿಗೆಯಲ್ಲಿಟ್ಟ ನಾಣ್ಯಗಳ ಹಾಗಲ್ಲ; ಖರ್ಚು ಮಾಡಿದಷ್ಟೂ ಅದು ಕಡಮೆಯಾಗುವುದಿಲ್ಲ.

ಹಾಗಾದರೆ ನಿಧಾನದ ಉಸಿರಾಟದಿಂದ ಯಾವ ಪ್ರಯೋಜನವೂ ಇಲ್ಲವೇ? ಹಾಗೆಂದು ಭಾವಿಸುವುದೂ ತಪ್ಪಾಗುತ್ತದೆ. ಕಾರಣವು ತಪ್ಪಾಗಿದ್ದರೂ ಅಭ್ಯಾಸವು ಒಳ್ಳೆಯದಾಗಿರಬಹುದು. ಮೊದಲು ಆ ಅಭ್ಯಾಸ ಯಾವುದೆಂಬುದನ್ನು ತಿಳಿಯೋಣ.

ಪತಂಜಲಿ ಮಹರ್ಷಿಯ ಯೋಗಸೂತ್ರಗಳಲ್ಲಿ ಯೋಗದ ಎಂಟು ಅಂಗಗಳನ್ನು ಹೇಳಿದೆ. ಯಮ, ನಿಯಮ, ಆಸನಗಳ ಅನಂತರ ಬರುವ ನಾಲ್ಕನೆಯ ಅಂಗವೇ ಪ್ರಾಣಾಯಾಮ. ಉಸಿರನ್ನು ಒಳಗೆಳೆಯುವುದು ಪೂರಕ, ಹೊರಬಿಡುವುದು ರೇಚಕ, ತಡೆದು ನಿಲ್ಲಿಸುವುದು ಕುಂಭಕ. ಸುಮಾರು ಹದಿನೈದನೆಯ ಶತಮಾನದಲ್ಲಿ ಸ್ವಾತ್ಮಾರಾಮನು ರಚಿಸಿದ ಹಠಯೋಗಪ್ರದೀಪಿಕೆಯು ಪ್ರಾಣಾಯಾಮದ ಹಲವು ಬಗೆಗಳನ್ನು ವಿವರಿಸುತ್ತದೆ. ಮೂಗಿನ ಒಂದು ಹೊಳ್ಳೆಯಿಂದ ಎಳೆದು ಇನ್ನೊಂದರಿಂದ ಬಿಡುವ ನಾಡೀಶೋಧನ, ಗಂಟಲಲ್ಲಿ ಮೆಲುದನಿಯಾಗುವಂತೆ ಉಸಿರಾಡುವ ಉಜ್ಜಾಯಿ, ದುಂಬಿಯಂತೆ ಝೇಂಕರಿಸುತ್ತ ಉಸಿರು ಬಿಡುವ ಭ್ರಾಮರಿ ಇವು ಎಲ್ಲರಿಗೂ ಪರಿಚಿತವಾದವು. ಇವುಗಳ ನಡುವೆ ಎಷ್ಟೇ ಭೇದವಿದ್ದರೂ ಒಂದು ಅಂಶವು ಸಮಾನವಾಗಿದೆ. ಉಸಿರು ನಿಧಾನವಾಗುತ್ತದೆ, ಆಳವಾಗುತ್ತದೆ. ಒಳಗೆಳೆಯುವುದಕ್ಕಿಂತ ಹೊರಬಿಡುವುದು ದೀರ್ಘವಾಗುತ್ತದೆ.

ಇಂಥ ಉಸಿರಿನಿಂದ ದೇಹದಲ್ಲಿ ಏನು ಸಂಭವಿಸುತ್ತದೆ? ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಅದು ಕುಗ್ಗಿ ಕೆಳಗಿಳಿದಾಗ ಎದೆಯ ಗೂಡು ಹಿಗ್ಗುತ್ತದೆ, ಗಾಳಿಯು ಒಳನುಗ್ಗುತ್ತದೆ. ಅದು ಸಡಿಲಗೊಂಡು ಮೇಲೇರಿದಾಗ ಗಾಳಿಯು ಹೊರಬೀಳುತ್ತದೆ. ಶ್ವಾಸಕೋಶಗಳಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಪುಟ್ಟ ವಾಯುಕೋಶಗಳಿವೆ. ಅವನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರಿನಷ್ಟು ಜಾಗ ಬೇಕಾಗುತ್ತದೆ. ರಕ್ತಕ್ಕೆ ಆಮ್ಲಜನಕವು ಸೇರುವುದೂ, ರಕ್ತದಿಂದ ಇಂಗಾಲದ ಡೈಆಕ್ಸೈಡು ಹೊರಬರುವುದೂ ಈ ಕೋಶಗಳಲ್ಲಿ ಮಾತ್ರ. ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಉಳಿಯುವ ಗಾಳಿಯಿಂದ ಈ ಕೆಲಸ ಆಗುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ನಾವು ಸಹಜವಾಗಿ ಒಂದು ಸಲ ಎಳೆಯುವ ಗಾಳಿಯು ಸುಮಾರು 500 ಮಿಲಿಲೀಟರು. ಅದರಲ್ಲಿ 150 ಮಿಲಿಲೀಟರು ದಾರಿಯಲ್ಲಿಯೇ ಉಳಿಯುತ್ತದೆ. ವಾಯುಕೋಶಗಳನ್ನು ಮುಟ್ಟುವುದು 350 ಮಿಲಿಲೀಟರು. ನಿಮಿಷಕ್ಕೆ 15 ಬಾರಿ ಉಸಿರಾಡಿದರೆ ನಾವು ಎಳೆಯುವ ಒಟ್ಟು ಗಾಳಿ 7,500 ಮಿಲಿಲೀಟರು, ಉಪಯೋಗಕ್ಕೆ ಬರುವುದು 5,250. ಹೆದರಿದವನಂತೆ ಮೇಲುಮೇಲೆ, ಸಲಕ್ಕೆ 250 ಮಿಲಿಲೀಟರಿನಂತೆ, 30 ಬಾರಿ ಉಸಿರಾಡಿದರೆ ಎಳೆಯುವ ಗಾಳಿ ಅಷ್ಟೇ 7,500. ಆದರೆ ಉಪಯೋಗಕ್ಕೆ ಬರುವುದು ಕೇವಲ 3,000. ನಿಧಾನವಾಗಿ, ಸಲಕ್ಕೆ 1,000 ಮಿಲಿಲೀಟರಿನಂತೆ, 6 ಬಾರಿ ಮಾತ್ರ ಉಸಿರಾಡಿದರೆ ಎಳೆಯುವುದು 6,000. ಉಪಯೋಗಕ್ಕೆ ಬರುವುದು 5,100. ಕಡಮೆ ಗಾಳಿಯನ್ನು ಎಳೆದು ಹೆಚ್ಚುಕಡಮೆ ಅಷ್ಟೇ ಫಲವನ್ನು ಪಡೆದಂತಾಯಿತು. ನಿಧಾನದ ಉಸಿರು ನಿಜವಾಗಿಯೂ ಮಿತವ್ಯಯದ ಉಸಿರು. ಉಳಿತಾಯವಾಗುವುದು ಆಯುಸ್ಸಲ್ಲ, ವ್ಯರ್ಥವಾಗುತ್ತಿದ್ದ ಗಾಳಿ.

ಪ್ರಾಣಾಯಾಮದಿಂದ ದೇಹಕ್ಕೆ ಅಪಾರವಾದ ಆಮ್ಲಜನಕ ದೊರೆಯುತ್ತದೆಂದು ಹಲವರು ಹೇಳುತ್ತಾರೆ. ಇದೂ ಸರಿಯಲ್ಲ. ಆರೋಗ್ಯವಂತನ ಶುದ್ಧರಕ್ತವು ತಾನು ಹೊರಬಲ್ಲ ಆಮ್ಲಜನಕದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲನ್ನು ಸಾಧಾರಣ ಉಸಿರಿನಿಂದಲೇ ತುಂಬಿಕೊಂಡಿರುತ್ತದೆ. ತುಂಬಿದ ಕೊಡಕ್ಕೆ ಮತ್ತಷ್ಟು ನೀರು ಹೊಯ್ದರೆ ಹೊರಚೆಲ್ಲುವುದೇ ಹೊರತು ಒಳಗೆ ನಿಲ್ಲುವುದಿಲ್ಲ. ನಿಧಾನದ ಉಸಿರಿನ ಮುಖ್ಯ ಫಲವು ರಕ್ತದಲ್ಲಿ ಅಲ್ಲ, ನರಗಳಲ್ಲಿ ಮತ್ತು ಹೃದಯದಲ್ಲಿ ಕಾಣಿಸಿಕೊಳ್ಳುತ್ತದೆ. ಇಂಥ ವಿಷಯಗಳನ್ನು ಊಹೆಗೆ ಬಿಡದೆ ಯಂತ್ರಗಳಿಂದ ಅಳೆದು ನೋಡಬೇಕೆಂದು ನಮ್ಮ ದೇಶದಲ್ಲಿ ಮೊದಲು ಶ್ರಮಿಸಿದವರಲ್ಲಿ ಸ್ವಾಮಿ ಕುವಲಯಾನಂದರು ಪ್ರಮುಖರು. ಅವರು 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಯೋಗಕ್ರಿಯೆಗಳನ್ನು ಎಕ್ಸ್-ರೇ ಮೊದಲಾದ ಸಾಧನಗಳಿಂದ ಪರೀಕ್ಷಿಸತೊಡಗಿದರು. ಅದೇ ವರ್ಷ ‘ಯೋಗಮೀಮಾಂಸಾ’ ಎಂಬ ಪತ್ರಿಕೆಯನ್ನೂ ಆರಂಭಿಸಿದರು.

ಹೃದಯಕ್ಕೂ ಉಸಿರಿಗೂ ಇರುವ ನಂಟನ್ನು ನೀವೇ ಪರೀಕ್ಷಿಸಿ ನೋಡಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳನ್ನಿಟ್ಟು ನಿಧಾನವಾಗಿ ಉಸಿರೆಳೆದು ಬಿಡಿರಿ. ಎಳೆಯುವಾಗ ನಾಡಿಯು ತುಸು ಚುರುಕಾಗುವುದೂ, ಬಿಡುವಾಗ ತುಸು ನಿಧಾನವಾಗುವುದೂ ಗಮನಕ್ಕೆ ಬರುತ್ತದೆ. ಜರ್ಮನಿಯ ಕಾರ್ಲ್ ಲುಡ್ವಿಗ್ ಎಂಬ ಶರೀರವಿಜ್ಞಾನಿಯು ಇದನ್ನು 1847ರಲ್ಲಿಯೇ ದಾಖಲಿಸಿದನು. ಮೆದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಇಳಿಯುವ ವೇಗಸ್ ಎಂಬ ಉದ್ದನೆಯ ನರವೊಂದಿದೆ. ಅದು ಹೃದಯಕ್ಕೆ ಕಡಿವಾಣವಿದ್ದಂತೆ. ಉಸಿರೆಳೆಯುವಾಗ ಕಡಿವಾಣವು ಸಡಿಲುತ್ತದೆ; ಬಿಡುವಾಗ ಬಿಗಿಯುತ್ತದೆ. ಆದುದರಿಂದಲೇ ಉಸಿರನ್ನು ದೀರ್ಘವಾಗಿ ಬಿಡುವವನ ಹೃದಯವು ಶಾಂತವಾಗುತ್ತದೆ. ದುಃಖದಲ್ಲಿ ಅಥವಾ ದಣಿವಿನಲ್ಲಿ ನಿಟ್ಟುಸಿರು ಬಿಟ್ಟೊಡನೆ ಮನಸ್ಸು ತುಸು ಹಗುರವಾಗುವುದು ಬರಿಯ ಕಲ್ಪನೆಯಲ್ಲ.

ರಕ್ತದೊತ್ತಡವೂ ಸದಾ ಒಂದೇ ಸಮನಾಗಿ ಇರುವುದಿಲ್ಲ. ಅದು ಸುಮಾರು ಹತ್ತು ಸೆಕೆಂಡುಗಳಿಗೊಮ್ಮೆ ಅಲೆಯಂತೆ ಏರಿ ಇಳಿಯುತ್ತದೆ. ದೊಡ್ಡ ರಕ್ತನಾಳಗಳ ಗೋಡೆಯಲ್ಲಿರುವ ಸೂಕ್ಷ್ಮ ನರತುದಿಗಳು ಈ ಏರಿಳಿತವನ್ನು ಅರಿತು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳು ಹೃದಯದ ವೇಗವನ್ನು ಸರಿಪಡಿಸುತ್ತದೆ. ನಿಮಿಷಕ್ಕೆ ಆರು ಬಾರಿ ಉಸಿರಾಡಿದರೆ ಒಂದೊಂದು ಉಸಿರಿಗೂ ಹತ್ತು ಸೆಕೆಂಡುಗಳಾಗುತ್ತವೆ. ಆಗ ಉಸಿರಿನ ಅಲೆಯೂ ರಕ್ತದೊತ್ತಡದ ಅಲೆಯೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಉಯ್ಯಾಲೆಯು ಹಿಂದಕ್ಕೆ ಬಂದ ಸಮಯಕ್ಕೆ ಸರಿಯಾಗಿ ತಳ್ಳಿದರೆ ಸ್ವಲ್ಪ ಬಲದಿಂದಲೇ ಅದು ಎತ್ತರಕ್ಕೆ ಏರುವಂತೆ, ಈ ಹೊಂದಾಣಿಕೆಯಿಂದ ರಕ್ತದೊತ್ತಡವನ್ನು ಕಾಯುವ ವ್ಯವಸ್ಥೆಯು ಹೆಚ್ಚು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ.

ಇಟಲಿಯ ಪಾವಿಯ ವಿಶ್ವವಿದ್ಯಾಲಯದ ಲೂಚಾನೊ ಬರ್ನಾರ್ಡಿ ಎಂಬ ವೈದ್ಯರೂ ಅವರ ಸಂಗಡಿಗರೂ ಈ ಸಂಬಂಧವಾಗಿ ನಡೆಸಿದ ಪರೀಕ್ಷೆಯ ಫಲಿತಾಂಶವು 2001ರಲ್ಲಿ ಪ್ರಕಟವಾಯಿತು. ಅವರು 23 ಮಂದಿ ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳಿಸಿದರು. ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಎಂಬ ಮಂತ್ರವನ್ನೂ ಜಪಿಸುವಂತೆ ಮಾಡಿದರು. ಎರಡು ಸಂದರ್ಭಗಳಲ್ಲಿಯೂ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯ ಮತ್ತು ರಕ್ತದೊತ್ತಡಗಳ ಹೊಂದಾಣಿಕೆಯೂ ಹೆಚ್ಚಿತು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ, ಒಬ್ಬರನ್ನೊಬ್ಬರು ಅರಿಯದ ಜನರು ಪ್ರಾರ್ಥನೆಯ ಮೂಲಕ ಒಂದೇ ಉಸಿರಿನ ಗತಿಯನ್ನು ತಲಪಿದ್ದರೆಂಬುದು ನಮ್ಮ ಮನಸ್ಸನ್ನು ತಟ್ಟುವ ಸಂಗತಿಯಾಗಿದೆ. ದೇಹದ ನಿಯಮವು ಮತಭೇದವನ್ನು ಎಣಿಸುವುದಿಲ್ಲ.

ಮೆದುಳಿಗೂ ಉಸಿರಿಗೂ ಇರುವ ದಾರಿಯೂ ಈಚೆಗೆ ಬೆಳಕಿಗೆ ಬಂದಿದೆ. ಉಸಿರಿನ ಲಯವನ್ನು ಹುಟ್ಟಿಸುವ ನರಕೋಶಗಳ ಪುಟ್ಟ ಗುಂಪೊಂದು ಮೆದುಳಿನ ಬುಡದಲ್ಲಿದೆಯೆಂದು 1991ರಲ್ಲಿ ಗೊತ್ತಾಯಿತು. ಆ ಗುಂಪಿನ ಕೆಲವು ಕೋಶಗಳು, ನಮ್ಮನ್ನು ಎಚ್ಚರವಾಗಿಯೂ ಉದ್ವೇಗದಲ್ಲಿಯೂ ಇರಿಸುವ ಮೆದುಳಿನ ಕೇಂದ್ರಕ್ಕೆ ಸದಾ ಸುದ್ದಿ ಕಳುಹಿಸುತ್ತಿರುತ್ತವೆಂದು 2017ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವು ತೋರಿಸಿತು. ಆ ಕೋಶಗಳನ್ನು ತೆಗೆದಾಗ ಇಲಿಗಳು ಉಸಿರಾಡುತ್ತಿದ್ದರೂ ಬಹಳ ಶಾಂತವಾಗಿಬಿಟ್ಟವು. ಮನಸ್ಸು ಕಲಕಿದಾಗ ಉಸಿರು ಕಲಕುತ್ತದೆಂಬುದು ನಮಗೆ ತಿಳಿದೇ ಇದೆ. ಉಸಿರಿನ ಕಡೆಯಿಂದ ಮನಸ್ಸಿನ ಕಡೆಗೂ ಒಂದು ದಾರಿ ಇದೆಯೆಂಬುದಕ್ಕೆ ಇದು ಒಂದು ಆಧಾರವಾಯಿತು.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಗೌರವದ ಸ್ಥಾನವಿದೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಅವರು ‘ಯೋಗಮಕರಂದ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದು 1934ರಲ್ಲಿ ಪ್ರಕಟಿಸಿದರು. ಫ್ರಾನ್ಸ್ ದೇಶದ ಹೃದಯತಜ್ಞೆ ತೆರೇಸ್ ಬ್ರೋಸ್ ಅವರು 1935ರಲ್ಲಿ ಭಾರತಕ್ಕೆ ಬಂದು ಯೋಗಿಗಳ ಹೃದಯದ ಬಡಿತವನ್ನು ಯಂತ್ರದಿಂದ ಅಳೆದಾಗ ಪರೀಕ್ಷೆಗೆ ಒಳಗಾದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರೆಂಬ ಸುದ್ದಿಯು ಆಗ ಹಬ್ಬಿತು. ಆದರೆ ಭಾರತೀಯ ಮತ್ತು ಅಮೆರಿಕನ್ ವಿಜ್ಞಾನಿಗಳು ಕೂಡಿ ಇನ್ನೂ ಉತ್ತಮವಾದ ಯಂತ್ರಗಳಿಂದ ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದ ವರದಿಯು ಬೇರೆಯೇ ಸಂಗತಿಯನ್ನು ತಿಳಿಸಿತು. ಉಸಿರನ್ನು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತವು ಕಡಮೆಯಾಗುತ್ತದೆ; ಕೈಗೆ ನಾಡಿ ಸಿಗುವುದಿಲ್ಲ; ಕಿವಿಗೆ ಬಡಿತ ಕೇಳಿಸುವುದಿಲ್ಲ. ಆದರೆ ಹೃದಯವು ಬಡಿಯುತ್ತಲೇ ಇರುತ್ತದೆ. ಅದ್ಭುತವೆಂದು ತೋರಿದುದಕ್ಕೆ ಕಾರಣ ದೊರೆಯಿತು. ಇದರಿಂದ ಯೋಗದ ಗೌರವಕ್ಕೆ ಕುಂದು ಬರಲಿಲ್ಲ. ನಮ್ಮ ತಿಳಿವಳಿಕೆ ಬೆಳೆಯಿತು.

ಬೆಂಗಳೂರಿನಲ್ಲಿ ಡಾ. ಆರ್. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು ನಡೆಸಿದ ಅಧ್ಯಯನವೊಂದು 1985ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಬ್ಬಸದಿಂದ ನರಳುತ್ತಿದ್ದ 53 ರೋಗಿಗಳಿಗೆ ಪ್ರಾಣಾಯಾಮವನ್ನೂ ಒಳಗೊಂಡ ಯೋಗಾಭ್ಯಾಸವನ್ನು ಕಲಿಸಿ, ಅವರನ್ನು ಔಷಧಗಳನ್ನು ಮಾತ್ರ ಸೇವಿಸುತ್ತಿದ್ದ, ವಯಸ್ಸು ಹಾಗೂ ರೋಗದ ತೀವ್ರತೆಯಲ್ಲಿ ಸಮಾನರಾದ ಬೇರೆ 53 ರೋಗಿಗಳೊಡನೆ ಹೋಲಿಸಿದರು. ಯೋಗಾಭ್ಯಾಸ ಮಾಡಿದವರಲ್ಲಿ ಉಬ್ಬಸದ ಬಾಧೆಯು ಹೆಚ್ಚು ತಗ್ಗಿತು. ಉಸಿರನ್ನು ಹೊರದೂಡುವ ಶಕ್ತಿಯು ಹೆಚ್ಚಿತು. ಅಧಿಕ ರಕ್ತದೊತ್ತಡವುಳ್ಳವರಿಗೂ ನಿಧಾನದ ಉಸಿರಾಟವು ಸ್ವಲ್ಪಮಟ್ಟಿಗೆ ನೆರವಾಗುತ್ತದೆಂದು ಹಲವು ಅಧ್ಯಯನಗಳು ಹೇಳಿವೆ. ಅಮೆರಿಕದ ಹೃದಯ ಸಂಘವು 2013ರಲ್ಲಿ, ಉಸಿರನ್ನು ನಿಧಾನಗೊಳಿಸಲು ಕಲಿಸುವ ಉಪಕರಣವೊಂದನ್ನು ಚಿಕಿತ್ಸೆಗೆ ಪೂರಕವಾಗಿ ಬಳಸಬಹುದೆಂದು ಅಭಿಪ್ರಾಯಪಟ್ಟಿತು. ‘ಪೂರಕವಾಗಿ’ ಎಂಬ ಮಾತನ್ನು ನಾವು ಮರೆಯಬಾರದು.

ಈಗ ಆಯುಸ್ಸಿನ ಪ್ರಶ್ನೆಗೆ ಮರಳೋಣ. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್ಸನ್ ಎಂಬ ವೈದ್ಯನು ಶ್ವಾಸಕೋಶಗಳ ಅಳವನ್ನು ಅಳೆಯುವ ಯಂತ್ರವನ್ನು ರಚಿಸಿ, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದನು. ಪೂರ್ತಿಯಾಗಿ ಎಳೆದ ಉಸಿರನ್ನು ಪೂರ್ತಿಯಾಗಿ ಬಿಟ್ಟಾಗ ಹೊರಬರುವ ಗಾಳಿಯ ಪ್ರಮಾಣಕ್ಕೆ ಅವನು ‘ಜೀವಧಾರಣ ಶಕ್ತಿ’ ಎಂಬ ಅರ್ಥ ಬರುವ ಹೆಸರನ್ನಿಟ್ಟನು. ಜೀವವಿಮೆಯ ಸಂಸ್ಥೆಗಳಿಗೆ ಇದು ಉಪಯೋಗವಾಗುವುದೆಂದು ಅವನು ಭಾವಿಸಿದ್ದನು. ಅವನ ಊಹೆಯು ಸುಳ್ಳಾಗಲಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ, ಈ ಪ್ರಮಾಣವು ಕಡಮೆಯಾಗಿದ್ದವರಲ್ಲಿ ಮರಣದ ಸಂಭವವು ಹೆಚ್ಚಾಗಿತ್ತೆಂದು ಕಂಡುಬಂದಿತು. ಆದರೆ ಧೂಮಪಾನ, ರೋಗ, ಬಡತನ ಇವೆಲ್ಲವೂ ಶ್ವಾಸಕೋಶವನ್ನು ಕುಗ್ಗಿಸುತ್ತವೆ. ಎರಡು ಸಂಗತಿಗಳು ಜೊತೆಯಾಗಿ ಕಂಡೊಡನೆ ಒಂದು ಇನ್ನೊಂದಕ್ಕೆ ಕಾರಣವೆಂದು ತೀರ್ಮಾನಿಸಲಾಗದು.

ಯೋಗಾಚಾರ್ಯರ ಬಾಳನ್ನೇ ಪ್ರಮಾಣವಾಗಿ ಕೊಡುವವರೂ ಇದ್ದಾರೆ. ಕೃಷ್ಣಮಾಚಾರ್ಯರು ನೂರು ವರ್ಷ ತುಂಬಿದ ಮೇಲೆ 1989ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗಗಳಿಂದ ಬಹಳ ದುರ್ಬಲರಾಗಿದ್ದರೂ 95 ವರ್ಷ ಬಾಳಿ 2014ರಲ್ಲಿ ನಿಧನರಾದರು. ಆದರೆ ರಾಜಯೋಗವನ್ನು ಜಗತ್ತಿಗೆ ಪರಿಚಯಿಸಿದ ಸ್ವಾಮಿ ವಿವೇಕಾನಂದರು 1902ರಲ್ಲಿ ದೇಹ ಬಿಟ್ಟಾಗ ಅವರಿಗೆ 39 ವರ್ಷಗಳು ಮಾತ್ರ ತುಂಬಿದ್ದವು. ಇದರಿಂದ ಅವರ ಸಾಧನೆಯು ಕಿರಿದಾಯಿತೆಂದು ಯಾರೂ ಹೇಳಲಾರರು. ಒಂದೆರಡು ಉದಾಹರಣೆಗಳಿಂದ ಏನನ್ನೂ ಸಾಧಿಸಲಾಗದೆಂಬುದೇ ಇದರ ಪಾಠ. ಇನ್ನೂ ದೊಡ್ಡ ಸಾಕ್ಷಿಯೊಂದಿದೆ. ಪ್ರಾಣಾಯಾಮವು ನಮ್ಮ ದೇಶದಲ್ಲಿ ಸಾವಿರಾರು ವರ್ಷಗಳಿಂದ ಇದೆ. ಆದರೂ 1941–51ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷಗಳಾಗಿತ್ತು. ಈಗ ಅದು ಸುಮಾರು 70 ವರ್ಷಗಳಿಗೆ ಏರಿದೆ. ಇದನ್ನು ಸಾಧಿಸಿದುದು ಶುದ್ಧವಾದ ನೀರು, ಲಸಿಕೆ, ಔಷಧ, ಸುರಕ್ಷಿತವಾದ ಹೆರಿಗೆ, ಹೊಟ್ಟೆತುಂಬ ಊಟ.

ಆದುದರಿಂದ ಪ್ರಾಣಾಯಾಮವು ಆಯುಸ್ಸಿಗೆ ಇಷ್ಟು ವರ್ಷಗಳನ್ನು ಸೇರಿಸುತ್ತದೆಂದು ಯಾರಾದರೂ ಲೆಕ್ಕ ಹೇಳಿದರೆ ಅದನ್ನು ಒಪ್ಪುವುದಕ್ಕೆ ಆಧಾರವಿಲ್ಲ. ಅದು ಉದ್ವೇಗವನ್ನು ತಗ್ಗಿಸುತ್ತದೆ, ಹೃದಯಕ್ಕೆ ವಿಶ್ರಾಂತಿಯನ್ನು ಕೊಡುತ್ತದೆ, ರಕ್ತದೊತ್ತಡವನ್ನು ಕೊಂಚ ಇಳಿಸುತ್ತದೆ. ಇವು ದೀರ್ಘಾಯುಸ್ಸಿಗೆ ಅನುಕೂಲವಾದ ಸಂಗತಿಗಳು ಎಂದಷ್ಟೇ ಹೇಳಬಹುದು. ಈ ಅಂತರವು ಕೇವಲ ಮಾತಿನ ಅಂತರವಲ್ಲ. ಉಸಿರನ್ನು ಉಳಿಸಿದರೆ ಆಯುಸ್ಸು ಉಳಿಯುತ್ತದೆಂದು ನಂಬಿ, ವೈದ್ಯರು ಕೊಟ್ಟ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿಬಿಟ್ಟ ಹಿರಿಯರನ್ನು ಊಹಿಸಿಕೊಳ್ಳಿರಿ. ಅವರಿಗೆ ನೋವೂ ಇರುವುದಿಲ್ಲ, ಸೂಚನೆಯೂ ಸಿಗುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಪಾರ್ಶ್ವವಾಯು ಬಡಿಯಬಹುದು. ಮನೆಯಲ್ಲಿ ಅಂಥ ಅಜ್ಜನೋ ಅಜ್ಜಿಯೋ ಇದ್ದರೆ, ಪ್ರಾಣಾಯಾಮವನ್ನೂ ಮಾಡಿರಿ, ಮಾತ್ರೆಯನ್ನೂ ಬಿಡಬೇಡಿರಿ ಎಂದು ವಿನಯದಿಂದ ಹೇಳುವುದು ಓದು ಬಲ್ಲ ಮೊಮ್ಮಕ್ಕಳ ಕರ್ತವ್ಯ.

ನಿಮ್ಮ ವಯಸ್ಸಿನವರು ತಿಳಿಯಬೇಕಾದ ಇನ್ನೊಂದು ಎಚ್ಚರಿಕೆಯಿದೆ. ಕೆರೆ ಬಾವಿಗಳಲ್ಲಿ ಈಜುವ ಹುಡುಗರು ನೀರಿನೊಳಗೆ ಹೆಚ್ಚು ಹೊತ್ತು ಯಾರು ಇರಬಲ್ಲರೆಂದು ಪಂತ ಕಟ್ಟುವುದುಂಟು. ಮುಳುಗುವ ಮೊದಲು ಕೆಲವರು ಜೋರು ಜೋರಾಗಿ ಹತ್ತಾರು ಸಲ ಉಸಿರಾಡುತ್ತಾರೆ. ಇದರಿಂದ ಆಮ್ಲಜನಕವು ಹೆಚ್ಚು ಶೇಖರವಾಗುವುದಿಲ್ಲ. ಇಂಗಾಲದ ಡೈಆಕ್ಸೈಡು ಮಾತ್ರ ಕಡಮೆಯಾಗುತ್ತದೆ. ಉಸಿರು ಬೇಕೆಂಬ ಚಡಪಡಿಕೆಯನ್ನು ಹುಟ್ಟಿಸುವುದು ಮುಖ್ಯವಾಗಿ ಈ ಇಂಗಾಲದ ಡೈಆಕ್ಸೈಡೇ. ಅದು ಕಡಮೆಯಾದಾಗ ಚಡಪಡಿಕೆಯು ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಮ್ಲಜನಕವು ತೀರಿ, ಹುಡುಗನು ನೀರಿನೊಳಗೇ ಎಚ್ಚರ ತಪ್ಪುತ್ತಾನೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಉಸಿರಿನೊಡನೆ ಪಂತ ಕಟ್ಟಬಾರದು. ಹಠಯೋಗದ ಗ್ರಂಥವೂ ಇದನ್ನೇ ಎಚ್ಚರಿಸುತ್ತದೆ. ಕಾಡಿನ ಮೃಗವನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ವಶಮಾಡಿಕೊಳ್ಳಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೆಡಿಸುವುದು ಎಂಬುದು ಅದರ ಅಭಿಪ್ರಾಯ. ಕುಂಭಕವನ್ನೂ ವೇಗದ ಉಸಿರಾಟವನ್ನೂ ಬಲ್ಲ ಗುರುಗಳಿಲ್ಲದೆ ಅಭ್ಯಾಸ ಮಾಡತಕ್ಕುದಲ್ಲ.

ನಿಧಾನದ ಸರಳ ಉಸಿರಾಟಕ್ಕೆ ಅಂಥ ಭಯವಿಲ್ಲ. ಬೆನ್ನನ್ನು ನೆಟ್ಟಗೆ ಮಾಡಿ, ಭುಜಗಳನ್ನು ಸಡಿಲಬಿಟ್ಟು ಕುಳಿತು, ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರೆಳೆದು ಆರು ಎಣಿಸುವವರೆಗೆ ಬಿಡಬೇಕು. ಹೊಟ್ಟೆಯು ಮೆಲ್ಲಗೆ ಉಬ್ಬಿ ಇಳಿಯಬೇಕು. ಬಲವಂತ ಮಾಡಬಾರದು, ತಲೆ ಸುತ್ತಿದಂತಾದರೆ ಕೂಡಲೇ ನಿಲ್ಲಿಸಿ ಸಹಜವಾಗಿ ಉಸಿರಾಡಬೇಕು. ಪರೀಕ್ಷೆಯ ಕೊಠಡಿಗೆ ಹೋಗುವ ಮುನ್ನ ಎದೆ ಡವಗುಟ್ಟುವಾಗ, ಕೋಪದಲ್ಲಿ ಕೆಟ್ಟ ಮಾತು ನಾಲಿಗೆಯ ತುದಿಗೆ ಬಂದಾಗ, ರಾತ್ರಿ ನಿದ್ರೆ ಬಾರದಿದ್ದಾಗ ಐದು ನಿಮಿಷ ಹೀಗೆ ಮಾಡಿ ನೋಡಿದರೆ ಅದರ ಫಲವು ಅನುಭವಕ್ಕೆ ಬರುತ್ತದೆ.

ನಮ್ಮ ಪೂರ್ವಿಕರು ದಿನಕ್ಕೆ 21,600 ಉಸಿರುಗಳೆಂದು ಎಣಿಸಿದರು. ಐದು ನಿಮಿಷಕ್ಕೆ ಬರುವುದು ಅವುಗಳಲ್ಲಿ 75 ಮಾತ್ರ. ನಿಧಾನವಾಗಿ ಉಸಿರಾಡಿದರೆ ಅವು 30ಕ್ಕೆ ಇಳಿಯುತ್ತವೆ. ಹೀಗೆ ಉಳಿದ 45 ಉಸಿರುಗಳನ್ನು ಯಾರೂ ನಮ್ಮ ಆಯುಸ್ಸಿನ ಖಾತೆಗೆ ಜಮೆ ಮಾಡುವುದಿಲ್ಲ. ಆದರೆ ಆ 30 ಉಸಿರುಗಳ ಹೊತ್ತಿನಲ್ಲಿ ನಾವು ಅವಸರವಿಲ್ಲದೆ, ಅಂಜಿಕೆಯಿಲ್ಲದೆ, ಎಚ್ಚರವಾಗಿ ಬದುಕಿರುತ್ತೇವೆ. ಎಷ್ಟು ವರ್ಷ ಬಾಳುವೆವೆಂಬುದು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಈಗ ಎಳೆಯುತ್ತಿರುವ ಉಸಿರನ್ನು ಹೇಗೆ ಬಿಡಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ.